ಬೋರ್ಡಿನ ಮೇಲೆ ಇಬ್ಬರೂ ಡಾಕ್ಟರೇ

ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋದಾಗ ಕತ್ತು ಹಿಡಿದುಕೊಂಡರೆ, ಟೀಮಿನಲ್ಲಿ ಯಾರಾದರೊಬ್ಬರು ‘ಕೈರೋ ಹತ್ರ ಹೋಗು ಗುರೂ’ ಅಂತಾರೆ. ನನಗೂ ಅಂದ್ರು. ನಮ್ಮೂರಲ್ಲಿ ಸೊಂಟ ಉಳುಕಿದರೆ ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಳ್ಳೋದು ವಾಡಿಕೆ. ಕೈರೋಪ್ರಾಕ್ಟಿಕ್ ಅದರ ಡಿಗ್ರಿ ಇರೋ ಅಣ್ಣ. 1895ರಲ್ಲಿ ಅಯೋವಾದ ಡ್ಯಾವೆನ್‌ಪೋರ್ಟಿನಲ್ಲಿ ಡಿ.ಡಿ. ಪಾಮರ್ ಎಂಬಾತ ಒಬ್ಬನ ಬೆನ್ನೆಲುಬು ಒತ್ತಿ ಕಿವುಡು ವಾಸಿ ಮಾಡಿದೆ ಅಂದ, ಅಲ್ಲಿಂದ ಶುರು. ಕಿವಿಯ ನರ ಬೆನ್ನಿಗೆ ಬರೋದೇ ಇಲ್ಲ ಅನ್ನೋದು ಬೇರೆ ಮಾತು. ಇವರದು ಡಿ.ಸಿ. ಪದವಿ. ಎಂ.ಡಿ.ಗಳ ಥರ ಆಪರೇಷನ್ ಮಾಡುವಂತಿಲ್ಲ, ಔಷಧಿ ಬರೆಯೋದೂ ಬಹುತೇಕ ಕಡೆ ಇಲ್ಲ. ಬರೀ ಸೊಂಟನೋವಿಗಾದರೆ ಅವರ ಕೈಯಿಂದ ಒಂದಿಷ್ಟು ಆರಾಮ ಸಿಗುತ್ತೆ, ನಿಜ.

ನನಗೆ ಕತ್ತಿನ ಜೊತೆ ಎಡಗೈಯ ಎರಡು ಬೆರಳೂ ಜೋಮು ಹಿಡಿದಿತ್ತು. ಕೈರೋ ಮಹಾಶಯರು ಪುಟ್ಟ ಸುತ್ತಿಗೆಯಿಂದ ಮೊಣಕೈ ತಟ್ಟಿ ನೋಡಿ, ‘ನಿನ್ನ ಕತ್ತು ನಾನು ಮುಟ್ಟಲ್ಲ, ಎಂ.ಡಿ. ಹತ್ರ ಹೋಗು’ ಅಂದುಬಿಟ್ರು. ರೀಲ್ಸ್‌ನಲ್ಲಿ ಲಟಕ್ ಅನ್ನಿಸೋರನ್ನೇ ನೋಡಿದ್ದ ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿದ್ದೇ ಆಗ. ಕತ್ತು ತಿರುಚಿದ ಮೇಲೆ ರಕ್ತನಾಳ ಸೀಳಿ ಸ್ಟ್ರೋಕ್ ಆದ ಕೇಸುಗಳು, ಅಪರೂಪಕ್ಕಾದರೂ, ಇವೆ. ಎಂಆರ್‌ಐನಲ್ಲಿ ಕಂಡದ್ದು ಜಾರಿದ ಡಿಸ್ಕು, ಅದರ ಕೆಳಗೆ ಸಿಕ್ಕಿಕೊಂಡ ನರ. ಮಾತ್ರೆ, ಫಿಸಿಯೋ, ತಿಂಗಳುಗಟ್ಟಲೆ. ಅಮ್ಮನಿಗೆ ಫೋನಿನಲ್ಲಿ ‘ಉಳುಕು’ ಅಂತಷ್ಟೇ ಹೇಳಿದ್ದೀನಿ.