ಮನೆಯೊಂದು ತಂಗುದಾಣವಾದ ಬಗೆ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಾದ ಓಣಿಗಳಲ್ಲಿ ಗೋಡೆಗೆ ಗೋಡೆ ತಾಗಿ ಮನೆಗಳಿದ್ದವು. ಗಾಳಿ ಬೆಳಕುಗಳಿಗೆ ಅಲ್ಲಿ ಎಡೆಯಿರಲಿಲ್ಲ. ಇಲಿ ಬಿದ್ದ ಮನೆಯನ್ನು ಜನರು ತೊರೆದು ಓಡಿದರು. ಈ ಭಯದ ದಿನಗಳಲ್ಲಿಯೇ ನಗರದ ದಕ್ಷಿಣಕ್ಕೆ ಬಸವನಗುಡಿಯೂ ಉತ್ತರಕ್ಕೆ, ಯಶವಂತಪುರದ ದಿಕ್ಕಿನಲ್ಲಿ, ಮಲ್ಲೇಶ್ವರವೂ ಹೊಸ ಬಡಾವಣೆಗಳಾಗಿ ಬೆಳೆದವು. ಅಗಲವಾದ ಬೀದಿಗಳು, ಮನೆಯ ಸುತ್ತ ತೋಟ, ಮನೆಗಳ ಹಿಂದೆ ಕಸ ಸಾಗಿಸಲು ಕಿರುದಾರಿ! ಪ್ಲೇಗು ಕಲಿಸಿದ ಪಾಠವನ್ನು ಬಡಾವಣೆಯ ನಕ್ಷೆಯಲ್ಲಿಯೇ ಓದಬಹುದಾಗಿತ್ತು.

ಆಂಧ್ರದಿಂದ ಬಂದ ಸಿರಿವಂತ ಕುಟುಂಬವೊಂದು ಮಲ್ಲೇಶ್ವರದಲ್ಲಿ ಇಂತಹುದೇ ಒಂದು ತೋಟದ ಮನೆಯಲ್ಲಿ ನೆಲೆಸಿತು. ಮನೆಗೆ ಇಟ್ಟ ಹೆಸರು 'ವಿಲ್ಲಾ ಪೊಟ್ಟಿಪಾಟಿ'. ಪೊಟ್ಟಿಪಾಟಿ ಎಂಬುದು ಆ ಕುಟುಂಬದ ಮೂಲ ಗ್ರಾಮ. ಊರನ್ನು ಬಿಟ್ಟವರು ಊರಿನ ಹೆಸರನ್ನು ಬಿಡುವುದಿಲ್ಲ. ಕೆಲವರು ಅದನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಳ್ಳುತ್ತಾರೆ, ಕೆಲವರು ಮನೆಗೆ ಇಡುತ್ತಾರೆ.

ಕಾಲ ಕಳೆದಂತೆ ಮಲ್ಲೇಶ್ವರದ ಹಳೆಯ ಮನೆಗಳಿಗೆ ಮತ್ತೊಂದು ಬಗೆಯ ಕುತ್ತು ಒದಗಿತು. ಮಕ್ಕಳು ದೂರದ ಊರುಗಳಿಗೆ ಹೋದರು. ಹೆಂಚು ಸರಿಪಡಿಸುವ, ಮರದ ತೊಲೆಗಳಿಗೆ ಗೆದ್ದಲು ಹತ್ತದಂತೆ ಕಾಯುವ ಕೆಲಸ ಮುದುಕರ ಪಾಲಿಗೆ ಉಳಿಯಿತು. ನೆಲದ ಬೆಲೆ ಏರಿತು. ಪಾಲುಪಟ್ಟಿಯಾದ ಬಳಿಕ ಮನೆಯನ್ನು ಕೆಡವಿ ಬಹುಮಹಡಿ ಕಟ್ಟಡವನ್ನು ಏರಿಸುವುದು ಸುಲಭವಾಗಿ ಕಂಡಿತು. ಕಿಟಕಿಗಳ ಮೇಲೆ ಟೊಪ್ಪಿಗೆಯಂತೆ ಚಾಚಿಕೊಂಡಿದ್ದ, 'ಮಂಕಿ ಟಾಪ್' ಎಂದು ಜನ ಕರೆಯುತ್ತಿದ್ದ ಮರದ ಮಾಡುಗಳು ಸೌದೆಯ ಬೆಲೆಗೆ ಹೋದುದೂ ಉಂಟು.

ವಿಲ್ಲಾ ಪೊಟ್ಟಿಪಾಟಿಗೆ ಆ ಗತಿ ಬರಲಿಲ್ಲ. ನೀಮರಾನಾ ಸಂಸ್ಥೆಯು ಅದನ್ನು ತಂಗುದಾಣವಾಗಿ ನಡೆಸಿತು. ರಾಜಸ್ಥಾನದಲ್ಲಿ 1464ರಲ್ಲಿ ಕಟ್ಟಿದ ಪಾಳುಕೋಟೆಯನ್ನು ದುರಸ್ತಿಗೊಳಿಸಿ, 1991ರಲ್ಲಿ ಅತಿಥಿಗಳಿಗೆ ತೆರೆದ ಸಂಸ್ಥೆ ಅದು. ಇಲ್ಲಿಯೋ ಕೋಟೆಯಲ್ಲ, ಸಂಸಾರ ಹೂಡಿದ್ದ ಮನೆ. ಇದರ ಕೋಣೆಗಳಿಗೆ ದಕ್ಷಿಣ ಭಾರತದ ಹೆಸರಾಂತ ಸೀರೆಗಳ ಹೆಸರುಗಳನ್ನು ಇಟ್ಟರು.

ಮನೆಯನ್ನು ತಂಗುದಾಣ ಮಾಡುವುದು ಬರಿಯ ಸುಣ್ಣಬಣ್ಣದ ಕೆಲಸವಲ್ಲ. ಹಂಡೆಯಲ್ಲಿ ನೀರು ಕಾಯಿಸಿ ಎಲ್ಲರೂ ಸರದಿಯಲ್ಲಿ ಮೀಯುತ್ತಿದ್ದ ಒಂದೇ ಬಚ್ಚಲುಮನೆ ಅತಿಥಿಗಳಿಗೆ ಸಾಲದು, ಕೋಣೆಗೊಂದು ಬೇಕು. ಹೊರಗಿನವರು ಕಾಲಿಡದಿದ್ದ ಅಡಿಗೆಮನೆಯಿಂದ ಅಪರಿಚಿತರಿಗೆ ಊಟ ಬರಬೇಕು. ಅಜ್ಜಿ ಮಲಗುತ್ತಿದ್ದ ಕೋಣೆಗೆ ಬಾಡಿಗೆಯ ದರ ನಿಗದಿಯಾಗಬೇಕು. ಮನೆಯವರಿಗೆ ಇದು ನೋವಿನ ಮಾತೇ ಸರಿ. ಆದರೂ ಮರಗಳು ನಿಂತವು, ಗೋಡೆಗಳು ನಿಂತವು. ಸಂಜೆ ಜಗಲಿಯಲ್ಲಿ ಯಾರಾದರೊಬ್ಬರು ಕುಳಿತಿರುತ್ತಿದ್ದರು.

ಹೆಸರನ್ನೂ ಬದಲಿಸಲಿಲ್ಲ. ಎಂದೂ ಆ ಹಳ್ಳಿಯನ್ನು ಕಾಣದವರು ರಾತ್ರಿ ರೈಲಿಳಿದು ಬಂದು, ಆಟೋದವನಿಗೆ ಹೇಳುತ್ತಿದ್ದುದು ಅದನ್ನೇ: ಪೊಟ್ಟಿಪಾಟಿ.