ಹಂಪಿಯಲ್ಲೊಂದು ಮನೆಮಂದಿಯ ಫೋಟೊ

ನಮ್ಮ ಮಾವನವರು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಫೋಟೊ ಬೇಕಾಯಿತು. ಮನೆಯಲ್ಲಿ ಫೋಟೊಗಳಿಗೇನು ಬರವೇ? ಒಬ್ಬೊಬ್ಬರ ಫೋನಿನಲ್ಲೂ ಸಾವಿರಗಟ್ಟಲೆ ಇವೆ. ಆದರೆ ಹುಡುಕುತ್ತಾ ಹೋದಂತೆ ನಮಗೇ ನಾಚಿಕೆಯಾಯಿತು. ಒಂದರಲ್ಲಿ ಅವರು ಬಿಸಿಲಿಗೆ ಮುಖ ಕಿವುಚಿಕೊಂಡಿದ್ದಾರೆ. ಇನ್ನೊಂದರಲ್ಲಿ ಹಿಂದಿನ ಕಾರಂಜಿ ಝಗಝಗ ಅಂತಿದೆ, ಇವರ ಮುಖ ಮಾತ್ರ ಇದ್ದಿಲು. ಮತ್ತೊಂದರಲ್ಲಿ ಅರ್ಧ ಕಿವಿ, ಒಂದು ಭುಜ ಅಷ್ಟೇ. ಕಡೆಗೆ ಮೈದುನನ ಮದುವೆಯ ಗುಂಪು ಫೋಟೊದಿಂದ ಅವರ ಮುಖವನ್ನು ಬೇರೆ ಮಾಡಿ, ಸ್ಟುಡಿಯೊದವರು ಒಂದು ಕೋಟು ತೊಡಿಸಿ ಕಟ್ಟು ಹಾಕಿಸಿಕೊಟ್ಟರು. ಮಾವನವರು ಜನ್ಮದಲ್ಲಿ ಕೋಟು ತೊಟ್ಟವರಲ್ಲ!

ಅತ್ತೆಯವರು ಆ ದಿನ ಏನೂ ಹೇಳಲಿಲ್ಲ. ಆಮೇಲೊಂದು ಬೆಳಗ್ಗೆ ದೀಪ ಹಚ್ಚಿ ಅದರ ಮುಂದೆ ನಿಂತವರು, "ಇವರು ಹೀಗಿರಲಿಲ್ಲ" ಅಂದರು. ಅಷ್ಟೇ. ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಹಾಗಾಗಿ ವರ್ಷಾಬ್ದಿಕ ಮುಗಿದು ಡಿಸೆಂಬರ್ ರಜೆಯಲ್ಲಿ ಮನೆಮಂದಿಯೆಲ್ಲ ಹಂಪಿಗೆ ಹೊರಟಾಗ, ನನ್ನ ಓರಗಿತ್ತಿಯೂ ನಾನೂ ಒಂದು ತೀರ್ಮಾನ ಮಾಡಿಕೊಂಡೆವು. ಏನೇ ಆಗಲಿ, ಒಂಬತ್ತು ಜನವೂ ಇರುವ ಒಂದು ಒಳ್ಳೆಯ ಫೋಟೊ ಆಗಲೇಬೇಕು. ವಿಷಯ ಕಿವಿಗೆ ಬಿದ್ದ ಕೂಡಲೇ ಅತ್ತೆಯವರು, "ನೀವುಗಳು ತೆಗೆಸಿಕೊಳ್ಳಿ ಕಣೇ. ಶುಭ ಅಂತ ಮಾಡ್ತೀರಿ, ಜೋಡಿ ಹೋದವಳು ಮಧ್ಯ ನಾನ್ಯಾಕೆ? ಚೀಲ ನೋಡಿಕೊಂಡು ಕೂತಿರ್ತೀನಿ" ಅಂದುಬಿಟ್ಟರು. ಈ ಮಾತಿಗೆ ಎದುರು ವಾದ ಮಾಡಿ ಗೆದ್ದ ಸೊಸೆಯರು ಯಾರಾದರೂ ಇದ್ದರೆ ನನಗೂ ತಿಳಿಸಿ. ನಾನಂತೂ ಸುಮ್ಮನಾದೆ.

ಮಂಡ್ಯದಲ್ಲಿ ಸಂಜೆ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಹೊಸಪೇಟೆ. ಪುಳಿಯೋಗರೆ, ಮೊಸರನ್ನ, ಮಕ್ಕಳಿಗೆ ಚಪಾತಿ ಸುರುಳಿ ಎಲ್ಲ ರೈಲಿನಲ್ಲೇ ಖಾಲಿ. ಹೊಸಪೇಟೆಯಿಂದ ಹಂಪಿ ಸುಮಾರು 13 ಕಿ.ಮೀ. ಬಸ್ಸೂ ಇದೆ, ಆಟೋನೂ ಇದೆ. ಬಾಳೆತೋಟ, ಕಬ್ಬಿನ ಗದ್ದೆ ದಾಟುತ್ತಿದ್ದ ಹಾಗೆ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳು ಶುರುವಾಗುತ್ತವೆ. ಯಾರೋ ದೊಡ್ಡವರ ಮನೆಯ ಮಗು ಆಟ ಆಡಿ, ಎತ್ತಿಡದೆ ಹಾಗೇ ಬಿಟ್ಟು ಹೋದ ಹಾಗೆ!

ಮೊದಲ ದಿನ ನಾವು ಮಾಡಿದ ತಪ್ಪು ಏನೆಂದರೆ, ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋಗಿದ್ದು ನಡು ಮಧ್ಯಾಹ್ನ. ತಿಂಡಿ, ಸ್ನಾನ, ಮಕ್ಕಳ ಜಡೆ ಅಂತ ತಡವಾಗಿ, ಬ್ಯಾಟರಿ ಗಾಡಿಯ ಸಾಲಿನಲ್ಲಿ ನಿಂತು, ಒಳಗೆ ಕಾಲಿಡುವಾಗ ಗಂಟೆ ಹನ್ನೆರಡು. ಎದುರಿಗೇ ಕಲ್ಲಿನ ರಥ! 2017ರಿಂದ ಬಂದ ಐವತ್ತು ರೂಪಾಯಿ ನೋಟಿನ ಹಿಂದೆ ಇರುವುದು ಇದೇ. ನಮ್ಮ ಕಿರಿಯವನು ನೋಟು ಹಿಡಿದುಕೊಂಡು ಚಕ್ರ ಎಣಿಸತೊಡಗಿದ. ನಮ್ಮ ಯಜಮಾನರು ಎಲ್ಲರನ್ನೂ ರಥದ ಹತ್ತಿರ ಸಾಲಾಗಿ ನಿಲ್ಲಿಸಿ, ರಥ ಪೂರ್ತಿ ಬರಲಿ ಅಂತ ತಾವು ಹಿಂದೆ ಹಿಂದೆ ಹೋಗಿ ಫೋಟೊ ಹೊಡೆದರು.

ಸಂಜೆ ಕೋಣೆಯಲ್ಲಿ ನೋಡಿದರೆ ಎಂಥ ಪಜೀತಿ! ರಥವೇನೋ ಚೆನ್ನಾಗಿ ಬಂದಿದೆ, ನಾವು ಅದರ ಬುಡದಲ್ಲಿ ಇರುವೆ ಸಾಲು. ಹತ್ತಿರದಿಂದ ತೆಗೆದ ಇನ್ನೊಂದರಲ್ಲಿ ಸೂರ್ಯ ನೆತ್ತಿಯ ಮೇಲಿದ್ದುದರಿಂದ ಎಲ್ಲರ ಕಣ್ಣೂ ಎರಡು ಕಪ್ಪು ಗುಳಿ, ಮೂಗಿನ ಕೆಳಗೆ ನೆರಳಿನ ಮೀಸೆ. ನನಗೂ ಮೀಸೆ, ನನ್ನ ಓರಗಿತ್ತಿಗೂ ಮೀಸೆ! ಸಾಲಿನ ತುದಿಯಲ್ಲಿ ನಿಂತ ನಾದಿನಿ ರಬ್ಬರಿನಂತೆ ಅಡ್ಡಡ್ಡ ಎಳೆದುಕೊಂಡಿದ್ದಾಳೆ. ಫೋನನ್ನು ಹತ್ತಿರ ಹಿಡಿದು ಅಗಲವಾಗಿ ತೆಗೆದರೆ ಅಂಚಿನಲ್ಲಿರುವವರಿಗೆ ಹೀಗಾಗುತ್ತದೆ. ಅವಳು ಆ ರಾತ್ರಿ ಊಟವನ್ನೇ ಕಡಿಮೆ ಮಾಡಿದಳು, ಪಾಪ. ಅತ್ತೆಯವರು? ಒಂದರಲ್ಲೂ ಇಲ್ಲ. ದೂರದ ಮಂಟಪದ ನೆರಳಲ್ಲಿ ಚೀಲಗಳ ಮಧ್ಯೆ ಒಂದು ಬಿಳಿ ಚುಕ್ಕೆ ಕಾಣುತ್ತದೆ, ಅದೇ ಅವರು.

ಆ ರಥದ ವಿಷಯದಲ್ಲಿ ನನಗೆ ತಿಳಿದ ಒಂದು ಸಂಗತಿ ಹೇಳಲೇಬೇಕು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೈನ್ಯದ ಅಧಿಕಾರಿ ಹಂಪಿಯ ಫೋಟೊಗಳನ್ನು ತೆಗೆದ. ಫಿಲಂ ಇನ್ನೂ ಹುಟ್ಟಿರದ ಕಾಲ. ಮೇಣ ಹಚ್ಚಿದ ದೊಡ್ಡ ದೊಡ್ಡ ಕಾಗದಗಳೇ ನೆಗೆಟಿವ್. ಅವನ ಫೋಟೊದಲ್ಲಿ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಒಂದು ಗೋಪುರವಿದೆ. ಈಗ ಅದಿಲ್ಲ, ರಥದ ತಲೆ ಬೋಳು. ಆ ಪುಣ್ಯಾತ್ಮ ತೆಗೆದಿಟ್ಟದ್ದರಿಂದ ಅದು ಹೇಗಿತ್ತು ಅಂತ ಇವತ್ತು ನಾವು ಕಣ್ಣಾರೆ ನೋಡಬಹುದು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಎಂಬ ಛಾಯಾಗ್ರಾಹಕರು ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೊ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಏನು ಉಳಿದಿದೆ, ಏನು ಹೋಗಿದೆ ಎಲ್ಲ ತಿಳಿಯುತ್ತದೆ. ಇದನ್ನು ಓದಿದಾಗ ನನಗೆ ನಮ್ಮ ಗೋಡೆಯ ಮೇಲಿನ ಕೋಟು ನೆನಪಾಗಿತ್ತು.

ಮಧ್ಯಾಹ್ನ ಮೂರರ ಮೇಲೆ ಕಮಲ ಮಹಲಿಗೆ ಹೋದೆವು. ಬಿಸಿಲಿನ ಪಾಠ ಕಲಿತಾಗಿತ್ತಲ್ಲ, ಮರದ ಕೆಳಗೆ ನಿಲ್ಲಿಸಿದೆ. ಅಲ್ಲೂ ಎಡವಟ್ಟೇ! ಎಲೆಗಳ ಸಂದಿಯಿಂದ ಬಿದ್ದ ಬಿಸಿಲು ಎಲ್ಲರ ಮುಖದ ಮೇಲೂ ಚಿರತೆಯ ಚುಕ್ಕೆ ಇಟ್ಟಿತ್ತು. ನೆರಳು ಅಂದರೆ ಒಡಕಿಲ್ಲದ ನೆರಳಾಗಬೇಕು. ಗೋಡೆಯ ನೆರಳು, ಮಂಟಪದ ಸೂರಿನ ನೆರಳು, ಇಲ್ಲಾ ದಟ್ಟವಾದ ಹುಣಸೆ ಮರದ್ದು. ಅಲ್ಲೂ ತೀರ ಒಳಗೆ ಹೋಗಬಾರದು. ನೆರಳು ಮುಗಿದು ಬಿಸಿಲು ಶುರುವಾಗುವ ಗೆರೆಯಿಂದ ಒಂದು ಹೆಜ್ಜೆ ಒಳಗೆ, ಬೆಳಕಿನ ಕಡೆ ಮುಖ ಮಾಡಿ ನಿಂತರೆ ಸಾಕು. ಹಂಪಿಯಲ್ಲಿ ಹೊರಗಿನ ಕಲ್ಲುಚಪ್ಪಡಿಯೇ ಬಿಸಿಲನ್ನು ಹಿಂದಕ್ಕೆ ಎಸೆದು ಮುಖವನ್ನು ಬೆಳಗುತ್ತದೆ. ಕಣ್ಣ ಕೆಳಗಿನ ಕಪ್ಪು ಕೂಡ ತಗ್ಗುತ್ತದೆ. ಇದು ನಮ್ಮಂಥ ನಲವತ್ತು ದಾಟಿದವರಿಗೆ ಗುಟ್ಟಿನ ಮಾತು!

ಮಾರನೆಯ ಬೆಳಗ್ಗೆ ಬೇಗನೆ ವಿರೂಪಾಕ್ಷನ ದರ್ಶನ. ಈ ದೇವಸ್ಥಾನದ ಹಿಂಭಾಗದ ಒಂದು ಕೋಣೆಯಲ್ಲಿ ಒಂದು ಸೋಜಿಗವಿದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು, ಮುಂದಿರುವ ದೊಡ್ಡ ಗೋಪುರದ ನೆರಳು ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ! ಕ್ಯಾಮೆರಾ ಕೆಲಸ ಮಾಡುವುದೂ ಹೀಗೇ. ಕತ್ತಲೆ ಪೆಟ್ಟಿಗೆ, ಸಣ್ಣ ತೂತು, ಒಳಗೆ ತಲೆಕೆಳಗಾದ ಚಿತ್ರ. ಕಿಂಡಿಗೆ ಅಡ್ಡ ಕೈ ಹಿಡಿದರೆ ಗೋಪುರ ಮಾಯ, ತೆಗೆದರೆ ಪ್ರತ್ಯಕ್ಷ. ಮಕ್ಕಳು ಅಲ್ಲಿಂದ ಕದಲಲೇ ಒಲ್ಲರು. ಅತ್ತೆಯವರೂ ಬಹಳ ಹೊತ್ತು ನೋಡಿದರು. "ಆಗಿನವರು ಗೋಪುರದ ಫೋಟೊನೂ ತೆಗೆದಿಟ್ಟವ್ರೆ ಬಿಡು" ಅಂದರು. ಅದೂ ಸರಿಯೇ.

ಹೊರಗೆ ಬಂದರೆ ರಥಬೀದಿ. ಗೋಪುರ ಪೂರ್ವಕ್ಕೆ ಮುಖ ಮಾಡಿದೆ. ಅದರ ಮುಂದೆ ನಿಂತು ಫೋಟೊ ಬೇಕಾದವರು ಬೆಳಗಿನ ಎಳೆ ಬಿಸಿಲಿನಲ್ಲೇ ಮುಗಿಸಿಕೊಳ್ಳಬೇಕು. ಏರಿದ ಮೇಲೆ ಕಣ್ಣು ಬಿಡಲಾಗದು. ಸಂಜೆಯಾದರೆ ಸೂರ್ಯ ಗೋಪುರದ ಹಿಂದೆ, ನೀವು ಕಪ್ಪು, ಗೋಪುರವೂ ಕಪ್ಪು. ಕಣ್ಣು ಮುಚ್ಚುವವರ ಕಾಟಕ್ಕೆ ಒಂದು ಉಪಾಯ ಹೇಳುತ್ತೇನೆ. ಎಲ್ಲರೂ ಮೊದಲೇ ಕಣ್ಣು ಮುಚ್ಚಿಕೊಳ್ಳಲಿ. ಮೂರು ಎಣಿಸಿದ ಮೇಲೆ ಒಟ್ಟಿಗೇ ಬಿಡಲಿ, ಬಿಟ್ಟ ಕ್ಷಣಕ್ಕೆ ಹೊಡೆಯಿರಿ. ಬಿಸಿಲಿಗೆ ಕಣ್ಣು ಮತ್ತೆ ಕಿರಿದಾಗುವಷ್ಟರಲ್ಲಿ ಫೋಟೊ ಮುಗಿದಿರುತ್ತದೆ.

ಹೊಸಪೇಟೆಯ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಿಂದು ಒಂದು ನಿದ್ದೆ ತೆಗೆದು, ಸಂಜೆ ನಾಲ್ಕೂವರೆಗೆ ಹೇಮಕೂಟಕ್ಕೆ ಬಂದೆವು. ವಿರೂಪಾಕ್ಷ ದೇವಸ್ಥಾನದ ದಕ್ಷಿಣಕ್ಕಿರುವ ಬಂಡೆಗುಡ್ಡ ಇದು. ಏರಲು ಕಷ್ಟವಿಲ್ಲ. ಮೇಲೆ ಪುಟ್ಟ ಪುಟ್ಟ ಕಲ್ಲು ಗುಡಿಗಳು, ಮೆಟ್ಟಿಲು ಮೆಟ್ಟಿಲಾದ ಶಿಖರಗಳು. ವಿಜಯನಗರಕ್ಕಿಂತ ಹಳೆಯವೂ ಇವುಗಳಲ್ಲಿವೆ. ಉತ್ತರಕ್ಕೆ ನೋಡಿದರೆ ಕೆಳಗೆ ದೇವಸ್ಥಾನ, ಗೋಪುರ, ಅದರಾಚೆ ತುಂಗಭದ್ರೆ.

ಯಜಮಾನರಿಗೆ ಗೋಪುರ ಹಿಂದೆ ಬರಲೇಬೇಕೆಂಬ ಹಟ. ಹಾಗೆ ನಿಲ್ಲಿಸಿದರೆ ಪಡುವಣ ಬಿಸಿಲು ಎಲ್ಲರ ಒಂದು ಕೆನ್ನೆಗೆ ಮಾತ್ರ ಬಿದ್ದು, ಇನ್ನೊಂದು ಕೆನ್ನೆ ಕತ್ತಲೆ.

"ಪಶ್ಚಿಮಕ್ಕೆ ತಿರುಗಿಸೋಣ ರೀ" ಅಂದೆ.

"ಗೋಪುರ ಬರಲ್ವಲ್ಲೇ! ಇಷ್ಟು ದೂರ ಬಂದು ಗೋಪುರ ಇಲ್ಲದ ಫೋಟೊನಾ?"

"ಗೋಪುರದ ಫೋಟೊ ಅಂಗಡೀಲಿ ಸಿಗುತ್ತೆ. ನಮ್ಮ ಮುಖ ಸಿಗಲ್ಲ."

ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಗೆದ್ದ ಕೆಲವೇ ವಾದಗಳಲ್ಲಿ ಇದೊಂದು. ಪಶ್ಚಿಮಕ್ಕೆ ಮುಖವಿದ್ದ ಒಂದು ಮಂಟಪದ ಕಲ್ಲುಮೆಟ್ಟಿಲು ಆರಿಸಿಕೊಂಡೆವು. ಸೂರ್ಯ ಇನ್ನೂ ಚುರುಕಾಗಿದ್ದ. ಕಾಯೋಣ ಅಂದೆ. ಫೋಟೊಕ್ಕೆ ಎಲ್ಲಕ್ಕಿಂತ ಬೇಕಾದದ್ದು ಈ ಕಾಯುವುದೇ. ಹಾಲು ಉಕ್ಕುವುದನ್ನು ಕಾಯುವ ನಮಗೆ ಇದೇನು ಹೊಸದಲ್ಲ.

ಐದೂವರೆ ದಾಟಿತು. ಬಿಸಿಲು ಜೇನಿನ ಬಣ್ಣಕ್ಕೆ ಇಳಿಯಿತು, ಬಂಡೆಗಳೆಲ್ಲ ಹದವಾಗಿ ಹುರಿದ ರವೆಯ ಹಾಗಾದವು. ಈಗ ಕೂರಿಸುವ ಕೆಲಸ. ಮೈದುನ, ಎತ್ತರದವನು, ಹಿಂದೆ ಒಂದು ಪಕ್ಕಕ್ಕೆ. ಯಜಮಾನರು ಇನ್ನೊಂದು ಪಕ್ಕಕ್ಕೆ. ಹೆಂಗಸರು ಎರಡನೇ ಮೆಟ್ಟಿಲಿನಲ್ಲಿ, ಒಬ್ಬರ ಭುಜ ಇನ್ನೊಬ್ಬರ ಹಿಂದೆ ಸ್ವಲ್ಪ ಹೋಗುವ ಹಾಗೆ ಓರೆಯಾಗಿ. ಶಾಲೆಯ ಪ್ರಾರ್ಥನೆಯ ಸಾಲಿನಂತೆ ಸೆಟೆದು ನಿಂತರೆ ಮನೆಮಂದಿ ಅನಿಸುವುದಿಲ್ಲ. ಒಂದು ತಲೆಯ ಪಕ್ಕ ಅದೇ ಮಟ್ಟದಲ್ಲಿ ಇನ್ನೊಂದು ತಲೆ ಇರದಂತೆ ಏರುತಗ್ಗು ಇರಲಿ. ಕೈಗಳಿಗೆ ಏನಾದರೂ ಕೆಲಸ ಕೊಡಿ. ಮಗುವಿನ ಹೆಗಲ ಮೇಲೊಂದು, ಮಡಿಲಲ್ಲೊಂದು.

ಎಲ್ಲರೂ ಕೂತ ಮೇಲೆ ನೋಡಿದರೆ ಕೆಳಗಿನ ಮೆಟ್ಟಿಲಿನ ನಡುವೆ ಒಂದು ಖಾಲಿ ಜಾಗ ಉಳಿದಿತ್ತು. ನಾನು ಬೇಕೆಂದೇ ಬಿಟ್ಟದ್ದು. ಅತ್ತೆಯವರು ಬದಿಯಲ್ಲಿ ಚೀಲ ಹಿಡಿದು ನಿಂತಿದ್ದರು. ಗುಡ್ಡ ಹತ್ತಿ ಮಂಡಿ ನೋಯುತ್ತಿತ್ತು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದುದನ್ನು ನಾನು ಆಗಲೇ ನೋಡಿದ್ದೆ.

"ಅತ್ತೆ, ಮಂಡಿ ನೋವಲ್ಲಿ ಎಷ್ಟು ಹೊತ್ತು ನಿಲ್ತೀರಿ? ಇಲ್ಲಿ ಕೂತ್ಕೊಳ್ಳಿ ಬನ್ನಿ. ಬೇರೆ ಕಡೆ ಕೂರೋ ಹಾಗೆ ಮೆಟ್ಟಿಲೂ ಇಲ್ಲ."

ಅವರು ಆ ಜಾಗ ನೋಡಿದರು, ನನ್ನ ಮುಖ ನೋಡಿದರು. ನನ್ನ ಹುನ್ನಾರ ಅವರಿಗೆ ತಿಳಿಯಲಿಲ್ಲ ಅಂತ ನಾನು ಹೇಳಲಾರೆ. "ಮಂಡಿ ಹಾಳಾಗ್ಲಿ" ಅನ್ನುತ್ತಾ ಬಂದು ಕೂತರು. ಕಿರಿಯವನು ಸೀದಾ ಅವರ ತೊಡೆ ಏರಿದ.

ಇನ್ನು ತೆಗೆಯುವವರು ಯಾರು? ನಮ್ಮ ಮನೆಗಳಲ್ಲಿ ತೆಗೆದವರು ಫೋಟೊದಲ್ಲಿ ಇರುವುದಿಲ್ಲ. ಅಲ್ಲೇ ಕೂತಿದ್ದ ಒಬ್ಬ ಕಾಲೇಜು ಹುಡುಗಿಯನ್ನು ಕೇಳಿದೆ. ಹೀಗೆ ಬೇರೆಯವರ ಕೈಗೆ ಕೊಡುವಾಗ ಮೊದಲು ನೀವೇ ನಿಂತು ನೋಡಿಕೊಳ್ಳಿ. ಎಲ್ಲಿ ನಿಲ್ಲಬೇಕು ಅಂತ ನೆಲದ ಮೇಲೆ ಒಂದು ಕಲ್ಲಿಟ್ಟು ತೋರಿಸಿ. ನಾಲ್ಕು ಹೆಜ್ಜೆ ಹೆಚ್ಚೇ ದೂರ ಇರಲಿ, ಅಂಚಿನವರು ಎಳೆದುಕೊಳ್ಳುವುದಿಲ್ಲ. ಫೋನು ಕೂತವರ ಕಣ್ಣಿನ ಮಟ್ಟಕ್ಕೆ ಬರಲಿ, ಮೇಲಿನಿಂದ ಬಗ್ಗಿ ನೋಡುವಂತೆ ಬೇಡ. ತೆಗೆಯುವ ಮುಂಚೆ ಪರದೆಯಲ್ಲಿ ಕಾಣುವ ಮುಖದ ಮೇಲೆ ಒಮ್ಮೆ ಬೆರಳು ಒತ್ತಿದರೆ ಬೆಳಕು ಮುಖಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಒಂದಲ್ಲ, ಹತ್ತು ತೆಗೆಯಲು ಹೇಳಿ. ಒಂಬತ್ತು ಜನರಲ್ಲಿ ಒಂಬತ್ತೂ ಕಣ್ಣು ತೆರೆದಿರುವುದು ದೇವರ ದಯೆಯಿಂದ ಒಂದರಲ್ಲಿ!

ಹುಡುಗಿ ಜಾಣೆ. "ಅಜ್ಜೀ, ಕನ್ನಡಕ ಹೊಳೀತೈತ್ರೀ, ಗದ್ದ ಒಂಚೂರು ಕೆಳಗ ಮಾಡ್ರಿ" ಅಂದಳು. ಅತ್ತೆಯವರು ಗದ್ದ ಇಳಿಸಿದರು. ನಾನು ಓಡಿ ಬಂದು ನನ್ನ ಜಾಗದಲ್ಲಿ ಕೂತೆ. ಸೂರ್ಯ ಬಂಡೆಯ ಹಿಂದೆ ಸರಿಯುವ ಹೊತ್ತಿಗೆ ಆಕೆ ಹನ್ನೆರಡು ಫೋಟೊ ತೆಗೆದಿದ್ದಳು. ಸೂರ್ಯ ಮುಳುಗಿದ ಮೇಲೂ ಆಕಾಶದ ಬೆಳಕಿನಲ್ಲೇ ಇನ್ನೆರಡು. ನಾವು ಆರಿಸಿಕೊಂಡದ್ದು ಆ ಕೊನೆಯ ಎರಡರಲ್ಲಿ ಒಂದು. ಯಾರ ಮುಖದಲ್ಲೂ ಒಂದು ಗಡಸು ನೆರಳಿಲ್ಲ.

ಊರಿಗೆ ಬಂದ ವಾರಕ್ಕೆ ಅದನ್ನು ಕಾಗದದ ಮೇಲೆ ಪ್ರಿಂಟು ಹಾಕಿಸಿದೆವು. ಫೋನಿನಲ್ಲಿ ಉಳಿದ ಫೋಟೊ ಡಬ್ಬಿಯ ತಳದ ಉಪ್ಪಿನಕಾಯಿಯ ಹಾಗೆ, ಇದೆ ಅನ್ನುವುದೇ ಮರೆತುಹೋಗುತ್ತದೆ. ಅತ್ತೆಯವರು ಅದನ್ನು ಕಿಟಕಿಯ ಹತ್ತಿರ ಒಯ್ದು, ಕನ್ನಡಕ ಒರೆಸಿಕೊಂಡು, ಒಬ್ಬೊಬ್ಬರ ಮುಖದ ಮೇಲೂ ಬೆರಳಿಟ್ಟು ನೋಡಿದರು. ತಮ್ಮ ಮುಖದ ಹತ್ತಿರ ಬೆರಳು ಸ್ವಲ್ಪ ಹೊತ್ತು ನಿಂತಿತು.

"ನಿನ್ನ ಸೆರಗು ಗಾಳಿಗೆ ಹಾರಿಬಿಟ್ಟಿದೆ ನೋಡು. ಒಂದು ಪಿನ್ನು ಹಾಕೋಬಾರ್ದಾ?" ಅಂದರು. ಆಮೇಲೆ, "ಇನ್ನೊಂದು ಪ್ರತಿ ಹಾಕಿಸು, ನನ್ನ ತಂಗಿಗೆ ಕಳಿಸ್ಬೇಕು" ಅಂದರು.