ಕಾಪ್ರೇಕರರ 6174

ಗಣಿತ ಬೋಧಿಸಿದ ಪ್ರತಿಯೊಬ್ಬರಿಗೂ ಒಂದು ಮೆಚ್ಚಿನ ಸಂಖ್ಯೆ ಇದ್ದೇ ಇರುತ್ತದೆ. ನನ್ನದು 6174. ಓದುಗರು ದಯವಿಟ್ಟು ಒಂದು ಚೂರು ಕಾಗದ, ಒಂದು ಪೆನ್ಸಿಲ್ ತೆಗೆದುಕೊಳ್ಳಬೇಕು. ಕರ್ನಾಟಕದ ಏಕೀಕರಣವಾದ ವರ್ಷ 1956. ಇದರ ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದರೆ 9651, ಏರಿಕೆಯ ಕ್ರಮದಲ್ಲಿ 1569. ವ್ಯತ್ಯಾಸ 8082. ಇದಕ್ಕೂ ಹಾಗೆಯೇ ಮಾಡಿ: 8820ರಿಂದ 0288 ಕಳೆದರೆ 8532. ಮತ್ತೊಮ್ಮೆ 8532ರಿಂದ 2358 ಕಳೆದರೆ 6174. ಮುಂದುವರಿದರೆ 7641 − 1467 = 6174; ಇನ್ನು ಅದು ಕದಲುವುದಿಲ್ಲ. ನಾಲ್ಕೂ ಅಂಕಿ ಒಂದೇ ಆಗಿರದ ಯಾವ ನಾಲ್ಕಂಕಿಯ ಸಂಖ್ಯೆಯನ್ನು ಹಿಡಿದರೂ ಏಳು ಹೆಜ್ಜೆ ಮೀರದೆ ಇಲ್ಲಿಗೇ ಬಂದು ಸೇರುತ್ತದೆ. 2005ಕ್ಕೆ ಪೂರಾ ಏಳು ಹೆಜ್ಜೆ ಬೇಕು.

ಇದನ್ನು 1949ರಲ್ಲಿ ಕಂಡುಹಿಡಿದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) ಮಹಾರಾಷ್ಟ್ರದ ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಉಪಾಧ್ಯಾಯರಾಗಿದ್ದವರು. ವಿಶ್ವವಿದ್ಯಾಲಯದ ಹುದ್ದೆಯಿಲ್ಲ, ಸ್ನಾತಕೋತ್ತರ ಪದವಿಯಿಲ್ಲ. ಅವರ ಕೆಲಸವನ್ನು ಬರಿಯ ಆಟವೆಂದು ಬದಿಗೆ ಸರಿಸಿದವರು ಇದ್ದರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯಲ್ಲಿ ಬರೆದ ಮೇಲೆ ಅವರ ಹೆಸರು ಲೋಕಕ್ಕೆ ತಿಳಿಯಿತು. ಆ ಹೊತ್ತಿಗೆ ಅವರು ನಿವೃತ್ತರಾಗಿ ಹದಿಮೂರು ವರ್ಷಗಳು ಸಂದಿದ್ದವು.

ಆಟವೆಂಬ ಮಾತು ನನ್ನ ಕಿವಿಗೂ ಬಿದ್ದಿದೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಕರಿಹಲಗೆಯ ಮೇಲಿನ ಈ ಲೆಕ್ಕವನ್ನು ನೋಡಿ, "ಪಠ್ಯದಲ್ಲಿ ಇದು ಎಲ್ಲಿದೆ?" ಎಂದು ಗದರಿದರು. ಪಠ್ಯದಲ್ಲಿ ಇರಲಿಲ್ಲ, ನಿಜ. ಆದರೆ ಎಂಟನೆಯ ತರಗತಿಗೆ ಬಂದರೂ 'ಸಾಲ ತೆಗೆದು' ಕಳೆಯಲು ಬಾರದ ಮಕ್ಕಳು ನನ್ನ ಮುಂದೆ ಕುಳಿತಿದ್ದರು. ಬರಿಯ ವ್ಯವಕಲನ ಕೊಟ್ಟರೆ ಮುಖ ತಿರುಗಿಸುತ್ತಿದ್ದವರು, ತಮ್ಮ ಹುಟ್ಟಿದ ವರ್ಷ 6174ಕ್ಕೆ ಮುಟ್ಟುವವರೆಗೆ ಸ್ಲೇಟು ಕೆಳಗಿಡುತ್ತಿರಲಿಲ್ಲ. ಇದರಲ್ಲೊಂದು ಕಳ್ಳದಾರಿಯೂ ಇದೆ: ನಡುವೆ ಲೆಕ್ಕ ತಪ್ಪಿದರೂ ಕೊನೆಗೆ 6174 ಬಂದುಬಿಡಬಹುದು! ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಅಂಕಿಗಳ ಮೊತ್ತ ಒಂಬತ್ತರ ಅಪವರ್ತ್ಯವೇ ಎಂದು ನೋಡಿಸುತ್ತಿದ್ದೆ.

ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಯಾಕೆ ಹೀಗಾಗುತ್ತದೆ ಸಾರ್?" ಎಂದಳು. ಇಡೀ ವರ್ಷದಲ್ಲಿ ಅವಳು ಬಾಯಿ ತೆರೆದದ್ದು ಅದೇ ಮೊದಲು. ಅಂದಿನ ಪಾಠವನ್ನು ಬದಿಗಿಟ್ಟು ಬಿಡಿಸಿದೆ. ದೊಡ್ಡದರಿಂದ ಚಿಕ್ಕದಕ್ಕೆ ಅಂಕಿಗಳು ಅ, ಆ, ಇ, ಈ ಎಂದಿರಲಿ. ವ್ಯತ್ಯಾಸವು ಯಾವಾಗಲೂ (ಅ − ಈ)ಯ 999 ಪಟ್ಟು, (ಆ − ಇ)ಯ 90 ಪಟ್ಟು, ಇವೆರಡರ ಮೊತ್ತ. ಮೊದಲ ವ್ಯತ್ಯಾಸ ಒಂದರಿಂದ ಒಂಬತ್ತರವರೆಗೆ ಇರಬಹುದು. ಎರಡನೆಯದು ಸೊನ್ನೆಯಾಗಬಹುದು, ಆದರೆ ಮೊದಲನೆಯದನ್ನು ಮೀರಲಾರದು. ಎಣಿಸಿದರೆ ಇಂಥ ಜೋಡಿಗಳು 54 ಮಾತ್ರ! ಸಾವಿರಾರು ಸಂಖ್ಯೆಗಳು ಒಂದೇ ಹೆಜ್ಜೆಗೆ 54 ಬಾಗಿಲುಗಳಲ್ಲಿ ನುಗ್ಗಬೇಕು. ಆ 54ನ್ನೂ ಕೈಯಲ್ಲೇ ಪರೀಕ್ಷಿಸಬಹುದು. ಅವಳು ಎರಡು ದಿನ ಕುಳಿತು ಪರೀಕ್ಷಿಸಿ ತಂದಳು.

ಇದರಲ್ಲಿ ಮಂತ್ರವಿಲ್ಲ, ಅದೃಷ್ಟಸಂಖ್ಯೆಯವರಿಗೆ ಇಲ್ಲಿ ಕೆಲಸವಿಲ್ಲ. ಮೂರಂಕಿಗಳಿಗೆ ಇಂಥದೇ ಸಂಖ್ಯೆ 495. ಎರಡಂಕಿಗಳಲ್ಲಿ ಮಾತ್ರ 9, 81, 63, 27, 45 ಎಂದು ಗಾಣದ ಎತ್ತಿನಂತೆ ಸುತ್ತುವುದೇ ಆಗುತ್ತದೆ.

6174ರ ಅಂಕಿಗಳ ಮೊತ್ತ 18. ಅದರಿಂದ ಭಾಗಿಸಿದರೆ ಶೇಷವಿಲ್ಲದೆ 343, ಅಂದರೆ ಏಳರ ಘನ. ಇನ್ನು 18, 18ರ ವರ್ಗ 324, ಘನ 5832, ಈ ಮೂರನ್ನೂ ಓದುಗರೇ ಕೂಡಿ ನೋಡಬೇಕು.